ಸೋಮವಾರದ ಕರಾರು

ಕೆಲಸ ಕೇಳಿಕೊಂಡು ಬಂದವಳು ಆಕೆ, ಆದರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೂತವಳು ನಾನು.

“ಕೂಸಿನ ಬಟ್ಟೆ ಅಷ್ಟೇ ಒಗೀಬೇಕೋ, ನಿಮ್ಮವೂ ಒಗೀಬೇಕೋ?”

“ಕೂಸಿಂದು ಅಷ್ಟೇ.”

“ಮುಸುರೆ?”

“ಅದಕ್ಕೆ ಬೇರೆಯಾಕೆ ಬರ್ತಾಳೆ.”

“ರೊಟ್ಟಿ ಮಾಡ್ತೀರೋ, ಬರೇ ಅನ್ನಾನೋ?”

“ಒಂದು ಹೊತ್ತು ರೊಟ್ಟಿ.”

ಆಕೆ ತಲೆ ಆಡಿಸಿದಳು. ಮಂಚದ ಮೇಲೆ ಮಲಗಿದ್ದ ಮಗಳನ್ನು ಬಗ್ಗಿ ನೋಡಿದಳು, ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿದಳು, ಏನೋ ಲೆಕ್ಕ ಹಾಕಿದವಳಂತೆ ನನ್ನ ಕಡೆ ತಿರುಗಿ ಕೊನೆಯ ಪ್ರಶ್ನೆ ಕೇಳಿದಳು.

“ವಾರಕ್ಕೆ ಬಿಡ್ತೀರೇನ್ರಿ?”

“ಬಿಡದೇ ಏನು? ವಾರಕ್ಕೆ ಬಿಟ್ಟೇ ಬಿಡ್ತೀನಿ,” ಎಂದೆ.

ಅಲ್ಲಿಗೆ ಕರಾರು ಮುಗಿಯಿತು. ತಿಂಗಳಿಗೆ ನಲವತ್ತು ರೂಪಾಯಿ, ಎರಡು ಹೊತ್ತು ಊಟ, ನಮ್ಮ ಮನೆಯಲ್ಲೇ ವಾಸ. ಆಕೆಯನ್ನು ಕರೆತಂದಿದ್ದ ನಮ್ಮ ಆಫೀಸಿನ ಲೈನ್‌ಮನ್ ಬಾಗಿಲಲ್ಲಿ ನಿಂತು ನಗುತ್ತಿದ್ದ. ನಾನೂ ನಕ್ಕೆ. ಆ ‘ವಾರಕ್ಕೆ’ ಎಂಬ ಒಂದೇ ಒಂದು ಮಾತು ನಮ್ಮಿಬ್ಬರನ್ನೂ ಐದು ತಿಂಗಳು ಕಾಡಿತು ಎಂದರೆ ಇವತ್ತು ನನ್ನ ಮಗಳು ನಂಬುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಚನ್ನಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್. ಹೆರಿಗೆ ರಜೆ ಮುಗಿಯಲು ಐದು ದಿನ ಉಳಿದಿತ್ತು. ನನ್ನ ಗಂಡ ಜಗಳೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಆಗ ಚನ್ನಗಿರಿ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ವರ್ಗ ಮಾಡಿಸಿಕೊಳ್ಳುವುದು ನಮ್ಮಂಥವರ ಕೈಲಾಗುವ ಕೆಲಸವಲ್ಲ. ಅವರು ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಸಂಜೆಗೆ ಬರುತ್ತಿದ್ದರು. ಸೋಮವಾರ ನಸುಕಿನಲ್ಲಿ ಹೊರಟುಬಿಡುತ್ತಿದ್ದರು. ಅತ್ತೆ ನ್ಯಾಮತಿಯಲ್ಲಿ ಹಾಸಿಗೆ ಹಿಡಿದ ಮಾವನನ್ನು ಬಿಟ್ಟು ಬರುವಂತಿರಲಿಲ್ಲ. “ಕೂಸು ನೋಡೋರು ಸಿಗಲಿಲ್ಲ ಅಂದ್ರೆ ನೌಕರಿ ಬಿಡು, ಮೇಷ್ಟ್ರ ಸಂಬಳ ಸಾಲದೇನು?” ಎಂದು ಅತ್ತೆ ಬರೆಸಿದ ಕಾಗದ ಗೂಡಿನಲ್ಲೇ ಇತ್ತು. ನನಗೆ ಆ ನೌಕರಿಯ ಮೇಲೆ ಪ್ರಾಣ. ಅದನ್ನು ಸಂಬಳಕ್ಕಾಗಿ ಮಾತ್ರ ಮಾಡುತ್ತಿದ್ದೆ ಎಂದರೆ ಸುಳ್ಳಾಗುತ್ತದೆ.

ಆ ಬೋರ್ಡನ್ನು ನೋಡದವರಿಗೆ ಹೇಗೆ ಹೇಳಲಿ? ಎದೆಯೆತ್ತರದ ಮರದ ಬೋರ್ಡು, ಅದರ ತುಂಬ ಸಾಲುಸಾಲಾಗಿ ಸಣ್ಣ ತಗಡಿನ ಮುಚ್ಚಳಗಳು, ಒಂದೊಂದಕ್ಕೂ ಒಂದು ನಂಬರು. ಊರಲ್ಲಿ ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಅವರ ನಂಬರಿನ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಹಗ್ಗದಂಥ ವೈರಿನ ತುದಿಯ ಪ್ಲಗ್ಗನ್ನು ಅದರ ತೂತಿಗೆ ಚುಚ್ಚಿ “ನಂಬರ್ ಪ್ಲೀಸ್” ಅನ್ನಬೇಕು, ಜೋಡಿ ವೈರನ್ನು ಅವರು ಕೇಳಿದ ನಂಬರಿಗೆ ಚುಚ್ಚಿ ಗಂಟೆ ಬಾರಿಸಬೇಕು. ಹೊರಊರಿನ ಟ್ರಂಕ್ ಕಾಲ್ ಆದರೆ ಚೀಟಿ ಬರೆದು, ಸಾಲಿನಲ್ಲಿಟ್ಟು, ಲೈನು ಸಿಕ್ಕಾಗ ಕೂಡಿಸಿ, ಮೂರು ನಿಮಿಷಕ್ಕೊಮ್ಮೆ ನಡುವೆ ಬಾಯಿ ಹಾಕಿ ಎಚ್ಚರಿಸಬೇಕು. ಶಿವಮೊಗ್ಗಕ್ಕೆ, ದಾವಣಗೆರೆಗೆ, ಹೊನ್ನಾಳಿಗೆ ಇದ್ದ ಲೈನುಗಳು ಬೆರಳೆಣಿಕೆಯಷ್ಟು. ಸೋಮವಾರ ಬಂತೆಂದರೆ ಅಡಿಕೆ ಮಂಡಿಯವರೆಲ್ಲ ಭಾನುವಾರ ತಡೆದಿಟ್ಟುಕೊಂಡಿದ್ದ ಮಾತನ್ನು ಒಂದೇ ಸಲ ಆಡಬೇಕು. ಬೋರ್ಡಿನ ಮುಚ್ಚಳಗಳು ಹುರಿಯುವ ಅರಳಿನ ಹಾಗೆ ಸಿಡಿಯುತ್ತಿದ್ದವು. ಆ ದಿನ ರಜೆ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನನ್ನ ಡ್ಯೂಟಿ ಒಂದು ವಾರ ಬೆಳಿಗ್ಗೆ ಏಳರಿಂದ ಎರಡು, ಇನ್ನೊಂದು ವಾರ ಎರಡರಿಂದ ರಾತ್ರಿ ಒಂಬತ್ತು; ಎಳೆಗೂಸಿನ ತಾಯಿಯೆಂದು ವಾರದ ರಜೆ ಮಾತ್ರ ಭಾನುವಾರ ಕೊಟ್ಟಿದ್ದರು. ಆ ಏಳು ತಾಸು ಕೂಸು ಪೂರ್ತಿ ಆಕೆಯದು.

ಆಕೆಗೆ ಮೂವತ್ತು ದಾಟಿತ್ತು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಆದರೂ ಆಕೆ ನನ್ನನ್ನು ‘ಅಕ್ಕಾರೆ’ ಅನ್ನುತ್ತಿದ್ದಳು, ನಾನು ಆಕೆಯನ್ನು ‘ನೀನು’ ಅನ್ನುತ್ತಿದ್ದೆ. ಸೂಳೆಕೆರೆಯ ಕೆಳಗಿನ ಒಂದು ಸಣ್ಣ ಹಳ್ಳಿಯವಳು. ಗಂಡ ಅಲ್ಲಿಯ ಗೌಡರೊಬ್ಬರ ಮನೆಯಲ್ಲಿ ವರ್ಷದ ಸಂಬಳಕ್ಕೆ ದುಡಿಯುತ್ತಿದ್ದ. ಎತ್ತು ಹೂಡುವುದು, ಗಾಡಿ ಹೊಡೆಯುವುದು ಅವನ ಕೆಲಸ. ಆರು ವರ್ಷದ ಮಗಳು ಅಜ್ಜಿಯ ಹತ್ತಿರ ಇದ್ದಳು. ಇಷ್ಟು ನನಗೆ ಗೊತ್ತಿತ್ತು, ಇದಕ್ಕಿಂತ ಹೆಚ್ಚು ತಿಳಿಯುವ ಗೋಜಿಗೆ ನಾನು ಹೋಗಲಿಲ್ಲ.

ಕೆಲಸದಲ್ಲಿ ಮಾತ್ರ ಆಕೆಯನ್ನು ಮೀರಿಸುವವರಿರಲಿಲ್ಲ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಮೊಣಕಾಲಿನ ಕೆಳಗೆ ಕೂಸನ್ನು ಅಂಗಾತ ಮಲಗಿಸಿಕೊಂಡು ಎರೆಯುತ್ತಿದ್ದಳು. ಹರಳೆಣ್ಣೆ ಮೊದಲು ನೆತ್ತಿಗೆ, ಆಮೇಲೆ ಕೀಲುಕೀಲಿಗೆ. ಬಲಗೈ ಎಡಗಾಲನ್ನು ಮುಟ್ಟಬೇಕು, ಎಡಗೈ ಬಲಗಾಲನ್ನು ಮುಟ್ಟಬೇಕು, ಹಾಗೆ ಮಡಿಚಿ ಬಿಡುತ್ತಿದ್ದಳು. ನೀರಿನ ಬಿಸಿಯನ್ನು ಕೈಯಿಂದ ನೋಡುತ್ತಿರಲಿಲ್ಲ, ಮೊಣಕೈಯಿಂದ ನೋಡುತ್ತಿದ್ದಳು. ಕೊನೆಗೆ ಸಾಂಬ್ರಾಣಿ ಹೊಗೆ, ಹಣೆಗೊಂದು ಕಪ್ಪು. ಒಳಲೆಯ ಮೂತಿಯನ್ನು ತುಟಿಯ ಮೂಲೆಗಿಟ್ಟು ಹನಿಹನಿಯಾಗಿ ಹಾಲು ಇಳಿಸುವಾಗ ಕೂಸು ಒಮ್ಮೆಯೂ ಕೆಮ್ಮಿದ್ದನ್ನು ನಾನು ಕಾಣೆ. ಐದನೇ ತಿಂಗಳಿಗೆ ರಾಗಿ ಸರಿ ಶುರು ಮಾಡಿದಳು: ರಾಗಿಯನ್ನು ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ನನ್ನ ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಎರಡು ಸಲ ಸೋಸುತ್ತಿದ್ದಳು. ಡ್ಯೂಟಿ ಮುಗಿಸಿ ಬಂದು ಬಾಗಿಲು ತೆಗೆದಾಗ ಹುರಿದ ರಾಗಿಯ ಘಮ, ಸಾಂಬ್ರಾಣಿ ಮತ್ತು ಕೂಸಿನ ನೆತ್ತಿಯ ಎಣ್ಣೆ ಸೇರಿದ ಒಂದು ವಾಸನೆ ಬರುತ್ತಿತ್ತು. ಇವತ್ತಿಗೂ ಎಲ್ಲಾದರೂ ರಾಗಿ ಹುರಿದರೆ ನನಗೆ ಆ ಮನೆಯೇ ಕಣ್ಣ ಮುಂದೆ ಬರುತ್ತದೆ.

ಆದರೆ ಕರಾರಿನ ವಿಷಯದಲ್ಲಿ ಕೂದಲು ಸೀಳುವ ಹೆಂಗಸು. ಒಂದು ದಿನ ಕೂಸಿನ ಬಟ್ಟೆಗಳ ಬಕೆಟ್ಟಿಗೆ ನನ್ನದೊಂದು ಸೀರೆ ಸೇರಿಸಿ ಹೋದೆ. ಬಂದು ನೋಡಿದರೆ ಕೂಸಿನ ಬಟ್ಟೆಗಳೆಲ್ಲ ಹಗ್ಗದ ಮೇಲೆ ಹಾರಾಡುತ್ತಿವೆ, ನನ್ನ ಸೀರೆ ಬಕೆಟ್ಟಿನಲ್ಲಿ ನೆನೆಯುತ್ತಾ ಕೂತಿದೆ.

“ಇದೊಂದು ಬಿಟ್ಟೀಯಲ್ಲ?”

“ಅದು ಕೂಸಿಂದಲ್ರೀ.”

ನನಗೆ ರೇಗಿತು. ಜೊತೆಗೆ ಬುದ್ಧಿಯೂ ಓಡಿತು. ಮಾರನೆಯ ದಿನ ಇನ್ನೊಂದು ಸೀರೆ ಹಾಕಿ, “ಕೂಸು ಇದರ ಮ್ಯಾಲೆ ಉಚ್ಚಿ ಹೊಯ್ದೈತೆ” ಎಂದೆ. ಆಕೆ ಸೀರೆಯನ್ನು ಎತ್ತಿ ಮೂಗಿಗೆ ಹಿಡಿದಳು, ಈ ಸೆರಗು, ಆ ಸೆರಗು, ನಡು.

“ವಾಸ್ನೇನೇ ಇಲ್ವಲ್ರೀ ಅಕ್ಕಾರೆ. ಬರೇ ಪೌಡ್ರು,” ಎಂದು ಮಡಿಚಿ ನನ್ನ ಕೈಗೇ ಕೊಟ್ಟಳು.

ನಾನು ಬಚ್ಚಲ ಬಾಗಿಲು ಹಾಕಿಕೊಂಡು ಒಗೆದುಕೊಂಡೆ. ಸಂಜೆ ಪಕ್ಕದ ಮನೆಯವರಿಗೆ ಹೇಳಿ ನಕ್ಕೆ. ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿಯಿತು: ನಲವತ್ತು ರೂಪಾಯಿ ಕೊಡುವವಳು ನಾನು, ಸೀರೆ ಒಗೆದುಕೊಳ್ಳುವವಳೂ ನಾನು!

ಇನ್ನು ಆ ‘ವಾರ’. ಕೆಲಸಕ್ಕೆ ಸೇರಿ ಮೊದಲ ಶನಿವಾರ ಸಂಜೆ, “ನಾಳೆ ಭಾನುವಾರ, ನೀನು ಊರಿಗೆ ಹೋಗಿ ಸಂಜೆ ಬಸ್ಸಿಗೆ ಬಾ” ಎಂದೆ. ಕೊಟ್ಟ ಮಾತು ಉಳಿಸಿಕೊಂಡ ಹೆಮ್ಮೆ ನನ್ನದು.

ಆಕೆ ಗಲಿಬಿಲಿಯಾದಳು. “ನಾಳೆ ಯಾಕ್ರೀ? ವಾರಕ್ಕೆ ಬಿಡ್ತೀನಿ ಅಂದಿದ್ರಲ್ಲ?”

“ಅದೇ, ವಾರಕ್ಕೊಂದು ದಿನ. ಭಾನುವಾರ.”

“ನಮ್ಮ ವಾರ ಸೋಮಾರ ಅಲ್ರೀ.”

ಆಗ ಹೊಳೆಯಿತು. ಆಕೆ ಕೇಳಿದ್ದು ‘ವಾರಕ್ಕೆ ಒಂದು ದಿನ’ ಅಂತ ಅಲ್ಲ. ಮನೆದೇವರ ದಿನವನ್ನು ಈ ಕಡೆ ‘ವಾರ’ ಅನ್ನುತ್ತೇವೆ. ಶಿವನ ಒಕ್ಕಲಿನವರಿಗೆ ಅದು ಸೋಮವಾರ. ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ, ನಮ್ಮ ಮನೆಯಲ್ಲೂ ಸೋಮವಾರವೇ ವಾರ. ಆದರೆ ನಾನು ಬಟ್ಟೆ ಅಂಗಡಿಯವರ ಮಗಳು. ನಮಗೆ ಸೋಮವಾರ ಅಂದರೆ ತಲೆಗೆ ಸ್ನಾನ, ಒಂದು ಹೊತ್ತು ಊಟ, ಆಮೇಲೆ ಯಥಾಪ್ರಕಾರ ಅಂಗಡಿ. ಎತ್ತು ನಿಂತರೆ ಒಂದು ಊರು ಹೇಗೆ ನಿಲ್ಲುತ್ತದೆ ಎನ್ನುವುದು ನನ್ನ ತಲೆಗೆ ಬಂದೇ ಇರಲಿಲ್ಲ.

“ಪೂಜೆ ತಾನೆ? ಇಲ್ಲೇ ಮಾಡ್ಕೋ. ಸೋಮವಾರ ಬೋರ್ಡ್ ಬಿಟ್ಟು ನಾನು ಅಲ್ಲಾಡಂಗಿಲ್ಲ,” ಎಂದೆ.

ಆಕೆ ಭಾನುವಾರ ಹೋಗಿ ಸಂಜೆ ಬಂದಳು. ಹೀಗೆ ನಾಲ್ಕೈದು ಭಾನುವಾರ. ಬಂದಾಗೆಲ್ಲ ಮುಖ ಸಪ್ಪೆ. ತವರಿಗೆ ಹೋಗಿ ಬಂದವರ ಹಾಗೆ ಬಾಯಿ ತುಂಬ ಸುದ್ದಿ ಇರುತ್ತಿರಲಿಲ್ಲ. ಆಮೇಲೆ ಹೋಗುವುದನ್ನೇ ನಿಲ್ಲಿಸಿದಳು. “ಯಾಕೆ?” ಎಂದರೆ “ಹೋಗಿ ಏನು ಮಾಡೋದು ಬಿಡ್ರಿ” ಎನ್ನುತ್ತಿದ್ದಳು. ನನಗೆ ಒಳಗೊಳಗೇ ಖುಷಿ. ಭಾನುವಾರ ಗಂಡ ಮನೆಯಲ್ಲಿ, ಕೂಸು ಆಕೆಯ ತೊಡೆಯ ಮೇಲೆ, ನಾವಿಬ್ಬರೂ ಎದುರುಬದುರು ಕೂತು ಒಂದು ವಾರದ ಮಾತು ಆಡುತ್ತಿದ್ದೆವು. ಎಷ್ಟು ಬೇಗ ಅಭ್ಯಾಸವಾಗಿಬಿಟ್ಟಿತೆಂದರೆ ಅದು ಆಕೆಯ ರಜೆಯ ದಿನ ಎನ್ನುವುದೇ ಮರೆತುಹೋಯಿತು.

ನಾಲ್ಕನೇ ತಿಂಗಳಲ್ಲಿ ಒಂದು ಭಾನುವಾರ, “ಊರಿಗೆ ಹೋಗಿ ಬರ್ತೀನ್ರಿ” ಎಂದು ಹೋದವಳು ಸಂಜೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೇನೆ, ಗಂಡ ಆಗಲೇ ದಾವಣಗೆರೆ ಬಸ್ಸು ಹತ್ತಿದ್ದಾರೆ. ಪಕ್ಕದ ಮನೆಯವರ ಕಾಲು ಹಿಡಿದು ಕೂಸನ್ನು ಬಿಟ್ಟು ಓಡಿದೆ. ಆಕೆ ಬಂದದ್ದು ಮಂಗಳವಾರ. ಮುಖ ಮಾತ್ರ ಕಳೆಕಳೆಯಾಗಿತ್ತು, ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಏರಿತು. ಎರಡು ವಾರ ಬಿಟ್ಟು ಮತ್ತೆ ಹಾಗೇ ಮಾಡಿದಳು. ಆ ತಿಂಗಳ ಸಂಬಳದಲ್ಲಿ ಎರಡು ದಿನದ್ದು ಹಿಡಿದು ಕೊಟ್ಟೆ.

ಆಕೆ ನೋಟುಗಳನ್ನು ನೋಡಿದಳು. “ದುಡ್ಡು ಹಿಡೀರಿ ಅಕ್ಕಾರೆ, ಬ್ಯಾಡ ಅನ್ನಲ್ಲ. ಸೋಮಾರ ಹಿಡೀಬ್ಯಾಡ್ರಿ. ಮೊದ್ಲೇ ಕೇಳಿದ್ದೆ ನಾನು, ನೀವು ಹೂಂ ಅಂದಿದ್ರಿ.”

“ನಾನು ಹೂಂ ಅಂದಿದ್ದು ಭಾನುವಾರಕ್ಕೆ!”

“ಐತ್ವಾರ ತಗಂಡು ನಾನೇನು ಮಾಡ್ಲಿ? ಎತ್ತಿಗೂ ಸೋಮಾರ ಬಿಡ್ತಾರ್ರೀ.”

ಬೆಳಗಿನ ಡ್ಯೂಟಿ ಮುಗಿಸಿ ಬಂದು ಇನ್ನೂ ಸೆರಗು ಸಹ ಸಡಿಲಿಸಿರಲಿಲ್ಲ. ಕಿವಿಯಲ್ಲಿ ಇನ್ನೂ ಬೋರ್ಡಿನ ಸದ್ದು. ಬಾಯಿಂದ ಬಂದೇಬಿಟ್ಟಿತು.

“ನೀನೇನು ಎತ್ತೇನೇ?”

ಆಕೆ ನನ್ನನ್ನೇ ನೋಡಿದಳು. ದನಿ ಏರಲಿಲ್ಲ. “ಎತ್ತಾಗಿದ್ರೆ ಕೇಳೋ ಪ್ರಮೇಯನೇ ಇರ್ತಿರ್ಲಿಲ್ರೀ. ಅದಕ್ಕೆ ಕೇಳದೇನೇ ಬಿಡ್ತಾರೆ.”

ತೊಡೆಯ ಮೇಲಿದ್ದ ಕೂಸನ್ನು ನನ್ನ ಕೈಗೆ ಕೊಟ್ಟು, ಗಂಟು ಕಟ್ಟಿಕೊಂಡು ಹೊರಟುಹೋದಳು. ಹೋಗುವಾಗ, “ರಾಗಿ ಸರಿ ಇನ್ನೊಂದು ಎಂಟು ದಿನಕ್ಕೆ ಆಗೋವಷ್ಟು ಐತೆ. ಡಬ್ಬಿ ಬಾಯಿ ಬಿಗಿಯಾಗಿ ಹಾಕ್ರಿ” ಎಂದಳು.

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಅದು ನನ್ನ ಪಾಲಿಗೆ ನಿಜವಾಯಿತು. ಆದರೆ ಆ ದಿನ ತಪ್ಪು ನನ್ನದೆಂದು ನನಗೆ ಅನಿಸಲಿಲ್ಲ. ಹತ್ತಿರದ ಬೀದಿಯ ಬ್ಯಾಂಕಿನವರ ಮನೆಯಲ್ಲೂ ಬಾಣಂತಿ ಇದ್ದಳು. ಹತ್ತು ರೂಪಾಯಿ ಹೆಚ್ಚು ತೋರಿಸಿ ಅವರೇ ಗಾಳ ಹಾಕಿರಬೇಕು, ಸೋಮವಾರ ಬರೀ ನೆಪ ಎಂದು ತೀರ್ಮಾನಿಸಿದೆ.

ಉಳಿದಿದ್ದ ನಾಲ್ಕು ದಿನದ ರಜೆ ಮುಗಿಯಿತು. ಬೇರೊಬ್ಬ ಹೆಂಗಸು ಬಂದಳು; ಎರಡನೇ ದಿನ ನಾನು ಮನೆಗೆ ಬಂದಾಗ ಆಕೆ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಳು, ಕೂಸು ಹೊಸ್ತಿಲ ಹತ್ತಿರ ಬೋರಲು ಬಿದ್ದು ಅತ್ತು ಅತ್ತು ದನಿ ಕಳೆದುಕೊಂಡಿತ್ತು. ಆಕೆಯನ್ನು ಕಳಿಸಿಬಿಟ್ಟೆ. ಮಾರನೆಯ ದಿನ ವಿಧಿಯಿಲ್ಲದೆ ಕೂಸನ್ನು ಬಿದಿರ ಬುಟ್ಟಿಯಲ್ಲಿ ಮಲಗಿಸಿ ಎಕ್ಸ್‌ಚೇಂಜಿಗೇ ಒಯ್ದು ಬೋರ್ಡಿನ ಪಕ್ಕ ಇಟ್ಟುಕೊಂಡೆ. ಒಂದು ತಾಸು ಸುಮ್ಮನಿತ್ತು. ಆಮೇಲೆ ಶುರುವಾಯಿತು. ಎರಡೂ ಕೈಯಲ್ಲಿ ವೈರು, ಕಾಲಿನಿಂದ ಬುಟ್ಟಿ ತೂಗುವುದು. ಮಂಡಿಯ ಸಾಹುಕಾರರೊಬ್ಬರು ದಾವಣಗೆರೆ ಕೂಡಿಸಿಕೊಂಡು ದರ ಕೇಳುತ್ತಿದ್ದವರು ನಡುವೆಯೇ, “ಏನಮ್ಮಾ, ಲೈನ್ನಾಗೆ ಯಾವ್ದೋ ಕೂಸು ಅಳ್ತೈತಲ್ಲ, ಮೊದ್ಲು ಅದಕ್ಕೆ ಹಾಲು ಕುಡ್ಸು” ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸೂಪರ್‌ವೈಸರ್ ಕೂಗಾಡಲಿಲ್ಲ. ಸಂಜೆ ಕರೆದು, “ನೋಡಮ್ಮ, ಇದೊಂದು ಸಲ ನಾನು ಕಂಡಿಲ್ಲ. ಮುಂದಿನ ವಾರದೊಳಗೆ ಏನಾದ್ರೂ ವ್ಯವಸ್ಥೆ ಮಾಡ್ಕೋ. ಇಲ್ಲಾಂದ್ರೆ ಸಂಬಳ ಇಲ್ಲದ ರಜೆಗೆ ಬರಕೊಡು, ಅದೂ ಎಷ್ಟು ದಿನ ಸಿಕ್ಕೀತು?” ಎಂದರು. ಮನೆಗೆ ಬಂದು ರಾಜೀನಾಮೆಯ ಕಾಗದ ಹೇಗೆ ಬರೆಯುತ್ತಾರೆ ಎಂದು ಯೋಚಿಸುತ್ತಾ ಕೂತೆ, ಅಳು ಬಂತು. ಕೊನೆಗೆ ಹಟ ಬಿಟ್ಟು, ಹತ್ತು ರೂಪಾಯಿ ಹೆಚ್ಚು ಕೊಟ್ಟಾದರೂ ಆಕೆಯನ್ನೇ ಕರೆತರುವುದೆಂದು ನಿಶ್ಚಯಿಸಿದೆ.

ಆ ಭಾನುವಾರ ಗಂಡನಿಗೆ ಪರೀಕ್ಷೆಯ ಕೆಲಸವಿತ್ತು, ಬಂದಿರಲಿಲ್ಲ. ಕೂಸನ್ನೆತ್ತಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಕೆರೆಬಿಳಚಿಯಲ್ಲಿ ಇಳಿದು, ಕಾಲುವೆ ಏರಿಯ ಮೇಲೆ ನಡೆದೆ. ಎರಡೂ ಕಡೆ ಗದ್ದೆ, ಕೊಯ್ಲಿನ ಕಾಲ. ಹಳ್ಳಿ ಮುಟ್ಟಿದಾಗ ಹನ್ನೊಂದು ಗಂಟೆ. ಲೈನ್‌ಮನ್ ಹೇಳಿದ್ದ ಗುರುತು ಹಿಡಿದು ಮನೆ ಹುಡುಕಿದೆ. ಬಾಗಿಲಿಗೆ ಬೀಗ.

ಇಡೀ ಬೀದಿಯಲ್ಲಿ ಮನುಷ್ಯರ ಸುಳಿವಿಲ್ಲ. ಎದುರು ಮನೆಯ ಜಗಲಿಯಲ್ಲಿ ಒಬ್ಬ ಮುದುಕಿ ಮಾತ್ರ ಮೊರದಲ್ಲಿ ಕಾಳು ಹಸನು ಮಾಡುತ್ತಾ ಕೂತಿದ್ದಳು. ಕೇಳಿದೆ.

“ಐತ್ವಾರ ಯಾರವ್ವಾ ಮನ್ಯಾಗಿರ್ತಾರೆ? ಎಲ್ಲಾ ಗದ್ದಿಗೆ ಹೋಗ್ಯಾರೆ. ನಾಳೆ ಬರಬೇಕಾಗಿತ್ತು ನೀವು, ಸೋಮಾರ. ಎತ್ತು ಹೂಡಂಗಿಲ್ಲ, ಗಂಡಸ್ರು ಹೆಂಗಸ್ರು ಎಲ್ಲಾ ಇರ್ತಾರೆ.”

“ಎಷ್ಟೊತ್ತಿಗೆ ಬರ್ತಾರಜ್ಜಿ?”

“ದೀಪ ಹಚ್ಚೋ ಹೊತ್ತಿಗೆ.”

ವಾಪಸ್ಸು ಕೊನೆಯ ಬಸ್ಸು ಐದಕ್ಕೆ. ಆದರೂ ಬೇಗ ಬಂದರೂ ಬರಬಹುದೆಂದು ಬೀಗ ಹಾಕಿದ ಆ ಮನೆಯ ಜಗಲಿಯ ಮೇಲೆ ಕೂತೆ. ಕೂಸಿಗೆ ಹಾಲು ಕೊಟ್ಟೆ, ಮಡಿಲಲ್ಲಿ ಮಲಗಿಸಿಕೊಂಡೆ. ಹನ್ನೆರಡಾಯಿತು, ಒಂದಾಯಿತು. ಮುದುಕಿಗೆ ಮರುಕ ಬಂದು ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಹೇಳಿದಳು:

“ಆಕಿನೂ ಹಿಂಗೇ ಕುಂತಿರ್ತಿದ್ಲವ್ವಾ. ಯಾವ್ದೋ ಚನ್ನಗಿರಿ ಅಕ್ಕಾರ ಮನ್ಯಾಗೆ ಕೂಸು ಆಡ್ಸಾಕೆ ಇದ್ಲಲ್ಲ, ಅವ್ರು ಐತ್ವಾರ ಬಿಡೋರಂತೆ. ನೀವು ಕುಂತಿದೀರಲ್ಲ, ಅಲ್ಲೇ. ಕೀಲಿಕೈ ಅತ್ತಿ ಸೊಂಟದಾಗೆ, ಮಗ್ಳು ಅಜ್ಜಿ ಜೊತಿ ಗದ್ದಿಗೆ. ಗೋಡೆ ನೋಡ್ಕಂತ ಕುಂತು ಐದ್ರ ಬಸ್ಸಿಗೆ ಎದ್ದು ಹೋಗಾಳು.”

“ಗದ್ದೆಗೆ ಹೋಗಿ ನೋಡಬಹುದಿತ್ತಲ್ಲ?”

ಮುದುಕಿ ಬೊಚ್ಚುಬಾಯಿಯಲ್ಲಿ ನಕ್ಕಳು. “ಒಂದಿನ ಹೋಗಿದ್ಲು. ಬಂದೇನವ್ವಾ, ಹಿಡಿ ಅಂತ ಗೌಡ್ತಿ ಕೈಗೆ ಸಸಿ ಕಟ್ಟು ಕೊಟ್ಲು. ಸಂಜೀ ತನ ನಾಟಿ ಹಾಕಿ ಕೊಟ್ಟು ಬಸ್ಸಿಗೆ ಓಡಿದ್ಲು.”

ಆ ‘ಚನ್ನಗಿರಿ ಅಕ್ಕ’ ನಾನೇ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಮಜ್ಜಿಗೆಯ ಲೋಟ ಕೆಳಗಿಟ್ಟೆ. ನನ್ನ ಗಂಡ ಬರುವ ದಿನ ಒಂದೇ, ಅದು ಭಾನುವಾರ. ಅದಕ್ಕಾಗಿ ನಾನು ವಾರವೆಲ್ಲ ದಿನ ಎಣಿಸುತ್ತಿದ್ದೆ. ಆಕೆಯ ಗಂಡ ಸಿಗುವ ದಿನವೂ ಒಂದೇ, ಅದು ಸೋಮವಾರ. ಇಷ್ಟು ಸರಳ ಸಂಗತಿ ಇದು. ನಾಲ್ಕು ತಿಂಗಳು ಒಂದೇ ಸೂರಿನಡಿ ಇದ್ದು ನಾನು ಕೇಳಲಿಲ್ಲ, ಆಕೆ ಬಿಡಿಸಿ ಹೇಳಲಿಲ್ಲ. ಹೇಳುವುದೇನಿದೆ, ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡಿದ್ದಿರಬೇಕು.

ಐದರ ಬಸ್ಸಿಗೆ ಎದ್ದೆ. “ಏನಂತ ಹೇಳ್ಲಿ?” ಎಂದಳು ಮುದುಕಿ. “ಸೋಮವಾರದ ವಿಷಯಕ್ಕೆ ಬಂದಿದ್ರು ಅಂತ ಹೇಳ್ರಿ” ಎಂದೆ.

ಮಾರನೆಯ ದಿನ ಕೂಸನ್ನು ಪಕ್ಕದ ಮನೆಗೆ ದಾಟಿಸಿ, ಸೋಮವಾರದ ಗದ್ದಲವೆಲ್ಲ ಮುಗಿದ ಮೇಲೆ ಸೂಪರ್‌ವೈಸರ್ ಮೇಜಿನ ಮುಂದೆ ನಿಂತೆ. ವಾರದ ರಜೆಯನ್ನು ಭಾನುವಾರದಿಂದ ಸೋಮವಾರಕ್ಕೆ ಬದಲಿಸಿಕೊಡಿ ಎಂದು ಅರ್ಜಿ ಬರೆದಿದ್ದೆ.

ಅವರು ಕನ್ನಡಕ ತೆಗೆದರು. “ಸೋಮವಾರ? ಮದ್ವೆ ದಿವ್ಸ ಮದುಮಗ ಹೊಲಕ್ಕೆ ಹೋಗ್ತೀನಿ ಅಂದಂಗಾತಲ್ಲಮ್ಮ! ಸಾಧ್ಯ ಇಲ್ಲ.”

“ಸಾರ್, ಭಾನುವಾರದ ಡ್ಯೂಟಿಗೆ ಪ್ರತಿ ತಿಂಗಳೂ ಯಾರಾದರೊಬ್ಬರ ಕೈಯಲ್ಲಿ ಬೈಸಿಕೊಳ್ತೀರಿ ನೀವು. ಇನ್ನು ಮುಂದೆ ಎಲ್ಲಾ ಭಾನುವಾರ ನಾನೇ ಕೂರ್ತೀನಿ. ಬರೆದುಕೊಡ್ತೀನಿ.”

ಬೋರ್ಡಿನ ಮುಂದಿದ್ದ ಹಿರಿಯ ಆಪರೇಟರ್ ಹೆಡ್‌ಸೆಟ್ಟನ್ನು ಒಂದು ಕಿವಿಯಿಂದ ಸರಿಸಿದರು. ಅವರ ಭಾನುವಾರಗಳ ಜಗಳ ಮನೆಯಲ್ಲಿ ಪಂಚಾಯಿತಿಗೆ ಹೋಗುವಷ್ಟು ಬೆಳೆದಿತ್ತು. “ಸೈನ್ ಹಾಕ್ರಿ ಸಾರ್,” ಎಂದರು. “ಸೋಮವಾರ ಎಷ್ಟೇ ಬರ್ಲಿ, ನಾವು ಎಳೀತೀವಿ.” ಇನ್ನಿಬ್ಬರೂ ಹಿಂದೆಯೇ ಹೂಂಗುಟ್ಟಿದರು. ಸೂಪರ್‌ವೈಸರ್ ಗೊಣಗುತ್ತಾ ಬರೆದರು: ಮೂರು ತಿಂಗಳ ಮಟ್ಟಿಗೆ ಮಾತ್ರ, ಮಂಡಿಯವರಿಂದ ಒಂದು ದೂರು ಬಂದರೂ ರದ್ದು.

ಆಚೆ ಬಂದೆ. ನನ್ನ ನೌಕರಿ ಉಳಿಯುವ ದಾರಿ ಸಿಕ್ಕಿತ್ತು, ನನ್ನ ಭಾನುವಾರ ಕೈಬಿಟ್ಟಿತ್ತು. ಅದನ್ನು ನನ್ನ ಕೈಯಾರೆ ಬರೆದುಕೊಟ್ಟು ಬಂದಿದ್ದೆ.

ಲೈನ್‌ಮನ್ ಕೈಯಲ್ಲಿ ಹೇಳಿಕಳಿಸಿದೆ: “ಸೋಮವಾರ ನಿನ್ನದು. ಹಿಡಿದ ಎರಡು ದಿನದ ಸಂಬಳವೂ ನಿನ್ನದು. ಬರೋದಾದ್ರೆ ಬಾ.” ದಿನಾ ಕೂಸನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮುಂದಿನ ಮಂಗಳವಾರದ ತನಕ ಕಾದೆ. ಮಂಗಳವಾರ ಮೊದಲ ಬಸ್ಸಿಗೆ ಬಂದಳು. ಗಂಟು ಮೂಲೆಗಿಟ್ಟು, ಕೈ ತೊಳೆದು, ಕೂಸನ್ನು ಎತ್ತಿಕೊಂಡು ಕತ್ತಿನ ಸಂದು, ಕಂಕುಳ ಎಲ್ಲ ಬಿಡಿಸಿ ನೋಡಿದಳು.

“ಯಾರ್ರೀ ಎರೆದೋರು ಇದಕ್ಕೆ? ಕಂಕುಳಾಗೆಲ್ಲ ಎಣ್ಣೆ ಜಿಡ್ಡು ಹಂಗೇ ಐತೆ.”

“ನಾನೇ.”

“ಹಂಗನ್ರಿ,” ಎಂದಳು. ನಮ್ಮ ರಾಜಿ ಅಷ್ಟೇ. ತಪ್ಪಾಯಿತು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ಇಂದಿಗೂ ಅದು ನನಗೆ ನೋವು. ಸಂಬಳ ಐವತ್ತು ಮಾಡಿದೆ. ಆಕೆ ಕೇಳಿರಲಿಲ್ಲ, ಕೊಟ್ಟಾಗ ಬೇಡ ಅನ್ನಲೂ ಇಲ್ಲ. ದುಡಿದಿದ್ದಕ್ಕೆ ತಕ್ಕದ್ದೇ ಅದು.

ಗಂಡನಿಗೆ ಇನ್‌ಲ್ಯಾಂಡ್ ಲೆಟರಿನಲ್ಲಿ ಎಲ್ಲ ಬರೆದಿದ್ದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಶನಿವಾರ ಬಂದವರು ಚಪ್ಪಲಿ ಬಿಡುತ್ತಲೇ, “ಎತ್ತಿನ ಪಂಚಾಂಗ ನೋಡಿ ರಜೆ ತಗಳ್ಳೋ ಸರ್ಕಾರಿ ನೌಕರಿಯವಳು ಕರ್ನಾಟಕದಾಗೆ ನೀನೊಬ್ಬಳೇ ಕಣೇ” ಎಂದರು. ನಕ್ಕರು, ಆದರೆ ಮುಖ ಸಣ್ಣಗಾಗಿತ್ತು. ಭಾನುವಾರ ನಾನು ಬೋರ್ಡಿನ ಮುಂದೆ ಒಬ್ಬಳೇ ಕೂತಿರುತ್ತಿದ್ದೆ. ತಾಸಿಗೆ ನಾಲ್ಕು ಮುಚ್ಚಳ ಬಿದ್ದರೆ ಹೆಚ್ಚು. ಹೊರಗಿನವರು ಒಳಗೆ ಬರುವಂತಿರಲಿಲ್ಲ, ಆದ್ದರಿಂದ ಅವರು ಮಧ್ಯಾಹ್ನ ಬುತ್ತಿ ತಂದು ಕಾಂಪೌಂಡಿನ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು, ಆಕೆ ಕೂಸನ್ನೆತ್ತಿಕೊಂಡು ಪಕ್ಕದಲ್ಲಿ. ಕಿಟಕಿಯಿಂದ ನೋಡುತ್ತಿದ್ದೆ. ಆಗ ಕರುಳು ಹಿಂಡುತ್ತಿದ್ದ ಆ ದೃಶ್ಯ ಈಗ ನೆನೆಸಿಕೊಂಡರೆ ಎಷ್ಟು ಹಿತವಾಗಿದೆ!

ಸೋಮವಾರಗಳಂದು ನಾನು, ಮಗಳು ಇಬ್ಬರೇ. ಮಣೆಯ ಮೇಲೆ ಕೂತು ಕಾಲು ನೀಡಿ ಎರೆಯಲು ಕಲಿತೆ. ಮೊದಲ ಸಲ ಬೆನ್ನು ಸೆಟೆದುಕೊಂಡು ಏಳಲಾಗದೆ ಗೋಡೆ ಹಿಡಿದೆ. ಬಟ್ಟೆ ಒಗೆದು, ಸರಿ ಕಾಸಿ, ಮಲಗಿಸಿ, ಉಸ್ಸೆಂದು ಕೂತರೆ ಗಂಟೆ ಇನ್ನೂ ಹನ್ನೊಂದು. ಬೋರ್ಡೇ ವಾಸಿ ಅನ್ನಿಸುತ್ತಿತ್ತು. ಮಗಳು ಮೊದಲ ಸಲ ಗೋಡೆ ಹಿಡಿದು ಎದ್ದು ನಿಂತದ್ದು ಅಂಥ ಒಂದು ಸೋಮವಾರ, ನನ್ನ ಕಣ್ಣೆದುರಿಗೇ. ಮೂರು ತಿಂಗಳಾದ ಮೇಲೆ ಸೂಪರ್‌ವೈಸರ್ ಆ ಅರ್ಜಿಯ ಸುದ್ದಿಯನ್ನೇ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಮಂಗಳವಾರ ಆಕೆಯ ಜೊತೆ ಆಕೆಯ ಗಂಡನೂ ಬಂದ. ಗೌಡರು ಗಾಡಿ ಸಾಮಾನಿಗೆಂದು ಚನ್ನಗಿರಿಗೆ ಕಳಿಸಿದ್ದರಂತೆ. ಕಪ್ಪಗೆ, ಸಣಕಲಾಗಿ, ತಲೆಗೆ ಟವಲ್ಲು ಸುತ್ತಿದ ಮನುಷ್ಯ. ಹೊಸ ಭತ್ತದ ಅವಲಕ್ಕಿಯ ಗಂಟನ್ನು ಹೊಸ್ತಿಲ ಒಳಗಿಟ್ಟ. ಕುರ್ಚಿ ತೋರಿಸಿದರೂ ಕೂರಲಿಲ್ಲ, ಬಾಗಿಲ ಹತ್ತಿರ ನೆಲದ ಮೇಲೇ ಕೂತ. ಆಕೆ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಕಂಬಕ್ಕೊರಗಿ ನಿಂತಿದ್ದಳು. ಏನು ಮಾತಾಡುವುದೆಂದು ತಿಳಿಯದೆ ನಾನು, “ಈಗ ಇಬ್ರಿಗೂ ಒಂದೇ ದಿನ ರಜಾ ಆತಲ್ಲ, ಒಳ್ಳೇದಾತು ಬಿಡ್ರಿ” ಎಂದೆ.

“ನಂದು ರಜಾ ಅಲ್ರೀ ಅಕ್ಕಾರೆ,” ಎಂದ ಆತ, ಟವಲ್ಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು. “ಗೌಡ್ರು ಬಿಡೋದು ಎತ್ತಿಗೆ. ಎತ್ತಿಲ್ದೇ ಇವ್ನ ಕೈಲೇನಾಗ್ತೈತೆ ಅಂತ ನನ್ನೂ ಬಿಡ್ತಾರೆ. ನಮ್ಮಪ್ಪಂದೂ ಹಂಗೇ ಆತು. ನಮ್ಮ ಮನ್ಯಾಗೆ ಮನುಷ್ಯಾರು ಅಂತ ವಾರ ಬಿಟ್ಟಿದ್ದು ಅಂದ್ರೆ ಈಕಿಗೇ ಮೊದ್ಲು. ಅದನ್ನ ಹೇಳಾಕೇ ಬಂದೆ.”

ಜಗಳದ ದಿನ ನಾನು ಆಡಿದ ಎತ್ತಿನ ಮಾತನ್ನು ಆಕೆ ಆತನ ಕಿವಿಗೆ ಹಾಕಿಯೇ ಇಲ್ಲ ಎಂದು ಆಗ ನನಗೆ ಗೊತ್ತಾಯಿತು. ತಲೆಯೆತ್ತಿ ಆಕೆಯ ಮುಖ ನೋಡಲು ಆಗಲಿಲ್ಲ.

ಕಂಬದ ಹತ್ತಿರದಿಂದ ಆಕೆಯೇ ಹೇಳಿದಳು, ಎಂದಿನ ದನಿಯಲ್ಲಿ: “ಹೊತ್ತಾತು, ಡ್ಯೂಟಿಗೆ ನಡೀರಿ ಅಕ್ಕಾರೆ. ಕೂಸು ನನ್ನ ಕೈಯಾಗೆ ಐತೆ.”